ಜೀವಕೋಶದಿಂದ ಪರಿಸರದವರೆಗೆ: ಪ್ರೌಢಶಾಲೆಯ ಜೀವಶಾಸ್ತ್ರವನ್ನು ಪುನರಾವರ್ತನೆ ಮಾಡುವ ಕ್ರಮ

ಮೈಟೋಕಾಂಡ್ರಿಯಾ ಎಂದರೇನು ಎಂದು ಹತ್ತನೇ ತರಗತಿಯ ಮಕ್ಕಳನ್ನು ಕೇಳಿದರೆ ‘ಜೀವಕೋಶದ ಶಕ್ತಿ ಕೇಂದ್ರ’ ಎಂಬ ಉತ್ತರ ತಟ್ಟನೆ ಬರುತ್ತದೆ. ಓಡಿ ಬಂದವರಿಗೆ ಏದುಸಿರು ಏಕೆ ಬರುತ್ತದೆ, ಆ ಉಸಿರಿಗೂ ಮೈಟೋಕಾಂಡ್ರಿಯಾಕ್ಕೂ ಏನು ಸಂಬಂಧ ಎಂದು ಕೇಳಿದ ಕೂಡಲೇ ತರಗತಿ ಮೌನವಾಗುತ್ತದೆ. ಉತ್ತರಪತ್ರಿಕೆಯಲ್ಲಿ ಅಂಕ ಹೋಗುವುದು ಈ ಎರಡನೆಯ ಬಗೆಯ ಪ್ರಶ್ನೆಗೆ. ವ್ಯಾಖ್ಯೆಗಳು ಬಾಯಿಗೆ ಬಂದಿರುತ್ತವೆ, ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಹೋಗುವ ದಾರಿ ಗೊತ್ತಿರುವುದಿಲ್ಲ. ಎಷ್ಟು ಸಲ ಓದಿದರೂ ಮರೆತುಹೋಗುತ್ತದೆ ಎನ್ನುವವರ ತೊಂದರೆಯೂ ಇದೇ.

ಅದಕ್ಕಾಗಿ ಇಲ್ಲಿ ಒಂದು ಎಳೆಯನ್ನು ಹಿಡಿದಿದ್ದೇನೆ: ಸಕ್ಕರೆ. ಮಂಡ್ಯ ಸೀಮೆಯವರಿಗೆ ಕಬ್ಬಿನ ಗದ್ದೆ, ಆಲೆಮನೆ ಎರಡೂ ಕಣ್ಣೆದುರಿಗೇ ಇವೆ. ಕಬ್ಬಿನ ಎಲೆಯಲ್ಲಿ ಹುಟ್ಟಿದ ಸಕ್ಕರೆ ನಮ್ಮ ಸ್ನಾಯುವಿನ ಕೋಶಕ್ಕೆ ತಲುಪಿ, ಅಲ್ಲಿಂದ ಇಂಗಾಲದ ಡೈಆಕ್ಸೈಡ್ ಆಗಿ ಮತ್ತೆ ಗಾಳಿಗೆ ಸೇರುವವರೆಗೆ ಅದನ್ನು ಬಿಡದೆ ಹಿಂಬಾಲಿಸಿದರೆ ಪಠ್ಯದ ಬಹುಪಾಲು ತಾನಾಗಿ ಸಾಲುಗೂಡುತ್ತದೆ. ಅನುವಂಶೀಯತೆ ಮಾತ್ರ ಈ ಎಳೆಗೆ ಸಿಗುವುದಿಲ್ಲ. ಅದಕ್ಕೆ ಬೇರೆ ದಾರಿ ಹೇಳುತ್ತೇನೆ.

ದಿನಕ್ಕೆ ಒಂದೂವರೆ ಗಂಟೆ ಕೊಟ್ಟರೆ ಸುಮಾರು ಎರಡು ವಾರ ಬೇಕಾಗುತ್ತದೆ. ಹಂತಗಳ ಕ್ರಮವನ್ನು ಬದಲಿಸಬೇಡಿ. ಮೂರನೆಯದು ಎರಡನೆಯದರ ಮೇಲೆ ನಿಂತಿದೆ, ಏಳನೆಯದು ಮೂರನೆಯದರ ಮೇಲೆ.

ಬೇಕಾಗುವ ಸಾಮಗ್ರಿ

ಒಂಬತ್ತು ಮತ್ತು ಹತ್ತನೇ ತರಗತಿಯ ವಿಜ್ಞಾನ ಪಠ್ಯಪುಸ್ತಕಗಳು ಎರಡೂ ಬೇಕು. ಹತ್ತನೆಯದು ಮಾತ್ರ ಸಾಕು ಎಂದುಕೊಂಡವರು ಜೀವಕೋಶ ಮತ್ತು ಅಂಗಾಂಶಗಳನ್ನು ಬಿಟ್ಟು ಕಟ್ಟಡವನ್ನು ಮೇಲಿನಿಂದ ಕಟ್ಟಲು ಹೊರಡುತ್ತಾರೆ. ಗೆರೆಯಿಲ್ಲದ ಒಂದು ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಒಂದು ಕೆಂಪು ಪೆನ್ನು, ಕೆಲವು ಹಳೆಯ ಪ್ರಶ್ನೆಪತ್ರಿಕೆಗಳು ಇರಲಿ. ಅಡುಗೆಮನೆಯಿಂದ ಒಂದು ಹಿಡಿ ಒಣದ್ರಾಕ್ಷಿ, ಉಪ್ಪು, ಎರಡು ಲೋಟ ಸಾಕು. ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಅರ್ಧ ಗಂಟೆ ಕೇಳಿ ಪಡೆಯಿರಿ. ಬಣ್ಣದ ಹೈಲೈಟರ್ ಬೇಡ. ಪುಟಗಳಿಗೆ ಹಳದಿ ಬಳಿಯುವಾಗ ಓದಿದಂತೆ ಅನಿಸುತ್ತದೆ, ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ.

ಹಂತ 1: ಪುಸ್ತಕ ತೆರೆಯುವ ಮೊದಲು ಖಾಲಿ ಹಾಳೆ

ಮೊದಲ ದಿನ ಏನನ್ನೂ ಓದಬೇಡಿ. ಖಾಲಿ ಹಾಳೆಯ ಮೇಲೆ ಒಂದು ಸಸ್ಯಕೋಶ, ಹೃದಯದ ಒಳರಚನೆ, ಹೂವಿನ ನೀಳಛೇದ, ಒಂದು ಆಹಾರ ಸರಪಳಿ, ಈ ನಾಲ್ಕನ್ನು ನೆನಪಿನಿಂದ ಬರೆದು ಭಾಗಗಳನ್ನು ಗುರುತಿಸಿ. ಪ್ರತಿ ಚಿತ್ರದ ಕೆಳಗೆ ಅದು ಮಾಡುವ ಕೆಲಸವನ್ನು ಎರಡು ವಾಕ್ಯಗಳಲ್ಲಿ ಹೇಳಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಕೆಂಪು ಪೆನ್ನಿನಿಂದ ಅದೇ ಹಾಳೆಯಲ್ಲಿ ತುಂಬಿಸಿ.

ಈ ಹಾಳೆಯನ್ನು ಎಸೆಯಬೇಡಿ. ಕೆಂಪು ಎಲ್ಲಿ ಹೆಚ್ಚಿದೆಯೋ ಅಲ್ಲಿ ಹೆಚ್ಚು ಸಮಯ ಕೊಡಬೇಕು. ಇಷ್ಟವಾದ ಅಧ್ಯಾಯವನ್ನೇ ಮತ್ತೆ ಮತ್ತೆ ಓದುವುದು ಎಲ್ಲರಿಗೂ ಇರುವ ದೌರ್ಬಲ್ಯ. ಈ ಹಾಳೆ ಅದಕ್ಕೆ ಕಡಿವಾಣ ಹಾಕುತ್ತದೆ.

ಹಂತ 2: ಜೀವಕೋಶ, ಮತ್ತು ಅದರ ಬಾಗಿಲಲ್ಲಿ ನಡೆಯುವ ಸಂಚಾರ

ಕಣದಂಗಗಳ, ಎಂದರೆ ಕೋಶದೊಳಗಿನ ಪುಟ್ಟ ಅಂಗಗಳ, ಪಟ್ಟಿಯನ್ನು ಹೆಸರು–ಕೆಲಸ ಎಂದು ಎರಡು ಕಾಲಂಗಳಲ್ಲಿ ಬಾಯಿಪಾಠ ಮಾಡುವ ಬದಲು ಮೂರನೆಯ ಕಾಲಂ ಸೇರಿಸಿ: ‘ಇದು ಕೆಟ್ಟರೆ ಏನಾಗುತ್ತದೆ?’ ರೈಬೋಸೋಮ್ ಇಲ್ಲದಿದ್ದರೆ ಪ್ರೋಟೀನ್ ಇಲ್ಲ, ಪ್ರೋಟೀನ್ ಇಲ್ಲದಿದ್ದರೆ ಕಿಣ್ವಗಳಿಲ್ಲ, ಕಿಣ್ವಗಳಿಲ್ಲದಿದ್ದರೆ ಜೀರ್ಣಕ್ರಿಯೆಯೂ ನಿಂತಿತು. ಹೀಗೆ ಒಂದು ಸಾಲು ಬರೆಯುವಷ್ಟರಲ್ಲಿ ಮುಂದಿನ ಅಧ್ಯಾಯದ ಬಾಗಿಲು ತೆರೆದಿರುತ್ತದೆ.

ಸೂಕ್ಷ್ಮದರ್ಶಕ ಸಿಕ್ಕರೆ ಈರುಳ್ಳಿಯ ಸಿಪ್ಪೆಯನ್ನು ನೋಡಿ. ಹೊರಗಿನ ಒಣ ಸಿಪ್ಪೆ ಬೇಡ. ಒಳಗಿನ ರಸಭರಿತ ಪದರವನ್ನು ಮುರಿದು ಅದರ ಒಳಮೈಯಿಂದ ತೆಳುವಾದ ಪೊರೆಯನ್ನು ಎಳೆದು, ತಕ್ಷಣ ನೀರಿಗೆ ಹಾಕಬೇಕು. ತಡವಾದರೆ ಅದು ಮಡಚಿಕೊಂಡು ಒಣಗುತ್ತದೆ. ಗಾಜಿನ ಪಟ್ಟಿಯ ಮೇಲಿಟ್ಟು ಸ್ಯಾಫ್ರನಿನ್ ಎಂಬ ಕೆಂಪು ಬಣ್ಣವನ್ನು ಹನಿಸಿ, ಮೇಲೆ ಮುಚ್ಚುವ ಗಾಜನ್ನು ಸೂಜಿಯ ಸಹಾಯದಿಂದ ಓರೆಯಾಗಿ ನಿಧಾನಕ್ಕೆ ಇಳಿಸಿ. ದಪ್ಪ ಕಪ್ಪು ಅಂಚಿನ ದುಂಡು ಆಕಾರಗಳು ಕಂಡರೆ ಅವು ಗಾಳಿಯ ಗುಳ್ಳೆಗಳು. ಅವನ್ನೇ ಕೋಶವೆಂದು ಬರೆದುಕೊಂಡು ಬರುವವರು ಬಹಳ. ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಸಸ್ಯಕೋಶ, ಆದರೂ ಹಸಿರಿನ ಕ್ಲೋರೋಪ್ಲಾಸ್ಟ್ ಏಕೆ ಕಾಣುತ್ತಿಲ್ಲ? ಈರುಳ್ಳಿಯ ಗಡ್ಡೆ ಬೆಳಕು ಕಾಣದೆ ಮಣ್ಣಿನೊಳಗೆ ಬೆಳೆಯುತ್ತದೆ, ಅದರ ಕೆಲಸ ಆಹಾರವನ್ನು ಕೂಡಿಡುವುದು. ‘ಎಲ್ಲ ಸಸ್ಯಕೋಶಗಳಲ್ಲೂ ಕ್ಲೋರೋಪ್ಲಾಸ್ಟ್ ಇರುತ್ತದೆ’ ಎಂಬ ತಪ್ಪು ಇಲ್ಲಿಗೇ ಮುಗಿಯಲಿ.

ಅಭಿಸರಣೆಯನ್ನು ಒಣದ್ರಾಕ್ಷಿಯಿಂದ ಕಲಿಯಿರಿ. ಸಾದಾ ನೀರಿನಲ್ಲಿ ಕೆಲವು ಗಂಟೆ ನೆನೆಸಿಟ್ಟರೆ ಅದು ಉಬ್ಬುತ್ತದೆ. ಉಬ್ಬಿದ್ದನ್ನು ಗಟ್ಟಿ ಉಪ್ಪುನೀರಿಗೆ ಹಾಕಿದರೆ ಮತ್ತೆ ಕುಗ್ಗುತ್ತದೆ. ನೀರು ಹೆಚ್ಚಿರುವ ಕಡೆಯಿಂದ, ಎಂದರೆ ತಿಳಿಯಾದ ದ್ರಾವಣದಿಂದ, ಗಟ್ಟಿ ದ್ರಾವಣದ ಕಡೆಗೆ ನೀರು ಪೊರೆಯ ಮೂಲಕ ಸಾಗುತ್ತದೆ. ಹಲವರು ‘ಉಪ್ಪು ಒಳಗೆ ಹೋಯಿತು’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಇಲ್ಲಿ ಸಾಗಿದ್ದು ನೀರು. ಉಪ್ಪಿನಕಾಯಿ ಏಕೆ ಕೆಡುವುದಿಲ್ಲ ಎಂಬುದನ್ನು ಸೂಕ್ಷ್ಮಾಣುವಿನ ಕೋಶದ ಕಡೆಯಿಂದ ನೀವೇ ವಿವರಿಸಲು ಸಾಧ್ಯವಾದರೆ ಈ ಭಾಗ ಮುಗಿಯಿತು.

ಅಂಗಾಂಶಗಳಿಗೆ ಹೆಚ್ಚು ಹೊತ್ತು ಬೇಡ. ನೀರು ಸಾಗಿಸುವ ಕ್ಸೈಲಂ ಮತ್ತು ಆಹಾರ ಸಾಗಿಸುವ ಫ್ಲೋಯಂ ಎರಡನ್ನು ಚೆನ್ನಾಗಿ ಹಿಡಿದುಕೊಳ್ಳಿ, ಮುಂದಿನ ಹಂತಕ್ಕೆ ಅವು ಬೇಕು.

ಹಂತ 3: ಸಕ್ಕರೆ ಹುಟ್ಟುವುದು, ಸಕ್ಕರೆ ಒಡೆಯುವುದು

ಇಡೀ ಪಠ್ಯದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಮೂರು ದಿನ ಹಿಡಿದರೂ ಚಿಂತೆಯಿಲ್ಲ.

ಒಂದು ಹಾಳೆಯನ್ನು ಉದ್ದಕ್ಕೆ ಎರಡಾಗಿ ಮಡಚಿ. ಎಡಕ್ಕೆ ದ್ಯುತಿಸಂಶ್ಲೇಷಣೆ, ಬಲಕ್ಕೆ ಉಸಿರಾಟ. ಒಳಗೆ ಹೋಗುವುದೇನು, ಹೊರಗೆ ಬರುವುದೇನು, ಯಾವ ಕಣದಂಗದಲ್ಲಿ, ಯಾವ ಹೊತ್ತಿನಲ್ಲಿ, ಶಕ್ತಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಸಾಲುಗಳನ್ನು ಎರಡೂ ಕಡೆ ಎದುರುಬದುರು ತುಂಬಿಸಿ. ಎಡಭಾಗದ ಉತ್ಪನ್ನಗಳೇ ಬಲಭಾಗದ ಕಚ್ಚಾವಸ್ತುಗಳು ಎಂಬುದು ಕಣ್ಣಿಗೆ ಕಟ್ಟುತ್ತದೆ. ಎರಡನ್ನೂ ಬೇರೆ ಬೇರೆ ದಿನ ಓದಿದರೆ ಈ ಸಂಬಂಧ ಕಾಣುವುದೇ ಇಲ್ಲ. ಆದ್ದರಿಂದ ಪುಸ್ತಕದಲ್ಲಿ ಅವುಗಳ ನಡುವೆ ಎಷ್ಟೇ ಪುಟಗಳಿದ್ದರೂ ನೀವು ಒಟ್ಟಿಗೆ ಓದಿ.

ಈಗ ಕಬ್ಬಿಗೆ ಬನ್ನಿ. ಆಳೆತ್ತರ ಮೀರಿ ಬೆಳೆದ ಕಬ್ಬಿನ ತೂಕ ಎಲ್ಲಿಂದ ಬಂತು? ‘ಮಣ್ಣಿನಿಂದ, ಗೊಬ್ಬರದಿಂದ’ ಎಂಬ ಉತ್ತರ ನಾಲಿಗೆಯ ತುದಿಯಲ್ಲಿದ್ದರೆ ಅಲ್ಲೇ ನಿಲ್ಲಿ. ಬೇರು ಹೀರುವುದು ನೀರು ಮತ್ತು ಖನಿಜಗಳನ್ನು. ನಾಲೆಯ ನೀರು ಕಬ್ಬಿನ ತೂಕದಲ್ಲಿ ದೊಡ್ಡ ಪಾಲು ನಿಜ. ಆದರೆ ಸಕ್ಕರೆಯ ಬೆನ್ನೆಲುಬಾದ ಇಂಗಾಲ ಬಂದದ್ದು ಗಾಳಿಯಿಂದ, ಪತ್ರರಂಧ್ರದ ಮೂಲಕ ಒಳಹೊಕ್ಕ ಇಂಗಾಲದ ಡೈಆಕ್ಸೈಡ್‌ನಿಂದ. ಆರು ಇಂಗಾಲದ ಡೈಆಕ್ಸೈಡ್ ಅಣುಗಳ ಇಂಗಾಲ ಸೇರಿ ಆರು ಇಂಗಾಲದ ಒಂದು ಗ್ಲೂಕೋಸ್ ಆಗುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಸುಕ್ರೋಸ್ ರೂಪದಲ್ಲಿ ಫ್ಲೋಯಂ ಮೂಲಕ ಸಾಗುತ್ತದೆ. ಬಹಳಷ್ಟು ಗಿಡಗಳು ಉಳಿಕೆಯನ್ನು ಪಿಷ್ಟವಾಗಿ ಕೂಡಿಟ್ಟರೆ ಕಬ್ಬು ಅದನ್ನು ಕಾಂಡದಲ್ಲಿ ಸುಕ್ರೋಸ್ ಆಗಿಯೇ ಇಟ್ಟುಕೊಳ್ಳುತ್ತದೆ. ಆಲೆಮನೆಯಲ್ಲಿ ಹಿಂಡಿ ತೆಗೆಯುವುದು ಅದನ್ನೇ.

ಆ ಬೆಲ್ಲದ ತುಣುಕು ನಮ್ಮ ಬಾಯಿಗೆ ಬಂದ ಮೇಲೆ? ಸಣ್ಣ ಕರುಳಿನಲ್ಲಿ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ರಕ್ತಕ್ಕೆ ಸೇರುತ್ತದೆ, ಕೋಶಕ್ಕೆ ತಲುಪುತ್ತದೆ. ಕೋಶದ್ರವ್ಯದಲ್ಲಿ ಗ್ಲೂಕೋಸ್ ಮೂರು ಇಂಗಾಲದ ಪೈರುವೇಟ್ ಆಗಿ ಒಡೆಯುತ್ತದೆ. ಇಲ್ಲಿಂದ ಮೂರು ದಾರಿ. ಆಮ್ಲಜನಕವಿದ್ದರೆ ಮೈಟೋಕಾಂಡ್ರಿಯಾದಲ್ಲಿ ಪೂರ್ತಿ ಒಡೆದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಹೆಚ್ಚು ಶಕ್ತಿ. ಆಮ್ಲಜನಕ ಸಾಲದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ. ಆಮ್ಲಜನಕವಿಲ್ಲದ ಯೀಸ್ಟ್‌ನಲ್ಲಿ ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್. ಕಬ್ಬಿನ ಹಾಲನ್ನು ಹೊರಗಿಟ್ಟರೆ ನೊರೆ ಬಂದು ವಾಸನೆ ಬದಲಾಗುವುದನ್ನು ನೋಡಿದವರಿಗೆ ಮೂರನೆಯ ದಾರಿ ಮರೆಯುವುದಿಲ್ಲ. ಈ ಕವಲು ಚಿತ್ರವನ್ನು ಪುಸ್ತಕ ಮುಚ್ಚಿ ಬರೆಯಲು ಬರುವವರೆಗೆ ಮುಂದೆ ಹೋಗಬೇಡಿ.

ಎಚ್ಚರಿಕೆಯ ಗುರುತುಗಳು: ‘ಗಿಡಗಳು ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಉಸಿರಾಟ ನಡೆಸುತ್ತವೆ’ ಎಂಬ ವಾಕ್ಯ ನಿಮ್ಮ ನೋಟ್ಸ್‌ನಲ್ಲಿದ್ದರೆ ಹೊಡೆದು ಹಾಕಿ. ಉಸಿರಾಟ ಇಪ್ಪತ್ತನಾಲ್ಕು ಗಂಟೆಯೂ ನಡೆಯುತ್ತದೆ; ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯ ವೇಗ ಹೆಚ್ಚಿರುವುದರಿಂದ ಆಮ್ಲಜನಕ ಹೊರಬರುವುದಷ್ಟೇ ನಮಗೆ ಗೊತ್ತಾಗುತ್ತದೆ. ಎದೆ ಏರಿಳಿಯುವ ಶ್ವಾಸೋಚ್ಛ್ವಾಸ ಮತ್ತು ಕೋಶದೊಳಗೆ ಗ್ಲೂಕೋಸ್ ಒಡೆಯುವ ಉಸಿರಾಟ ಒಂದೇ ಎಂದು ಬರೆದಿದ್ದರೆ ಅದೂ ತಪ್ಪು. ಮೊದಲನೆಯದು ಎರಡನೆಯದಕ್ಕೆ ಆಮ್ಲಜನಕ ಒದಗಿಸುವ ಏರ್ಪಾಡು.

ಎಲೆಯಲ್ಲಿ ಪಿಷ್ಟವಿದೆಯೇ ಎಂದು ನೋಡುವ ಪ್ರಯೋಗವನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಪತ್ರಹರಿತ್ತು ತೆಗೆಯಲು ಎಲೆಯನ್ನು ಆಲ್ಕೋಹಾಲಿನಲ್ಲಿ ಕುದಿಸಬೇಕಾಗುತ್ತದೆ, ಅದಕ್ಕೆ ಥಟ್ಟನೆ ಬೆಂಕಿ ಹತ್ತಿಕೊಳ್ಳುತ್ತದೆ. ನೇರ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು, ಶಿಕ್ಷಕರ ಎದುರಿನಲ್ಲಿ ಮಾತ್ರ ಮಾಡುವ ಪ್ರಯೋಗ ಅದು.

ಹಂತ 4: ಸಾಗಣೆ ಮತ್ತು ವಿಸರ್ಜನೆ

ಹೃದಯದ ಚಿತ್ರ ಬರೆಯುವ ಮೊದಲು ಹಾಳೆಯ ಎಡಗಡೆ ‘ಬಲ’ ಎಂದೂ ಬಲಗಡೆ ‘ಎಡ’ ಎಂದೂ ಬರೆಯಿರಿ. ನಮ್ಮೆದುರು ನಿಂತಿರುವ ವ್ಯಕ್ತಿಯ ಹೃದಯವನ್ನು ನಾವು ನೋಡುತ್ತಿದ್ದೇವೆ. ಇದೊಂದು ಎಚ್ಚರ ತಪ್ಪಿದರೆ ಎಲ್ಲ ಹೆಸರುಗಳೂ ಅದಲುಬದಲಾಗುತ್ತವೆ. ಆಮೇಲೆ ಬೆರಳಿಟ್ಟು ದಾರಿ ಹೇಳಿ: ದೇಹದಿಂದ ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮತ್ತೆ ದೇಹ. ಎಡ ಹೃತ್ಕುಕ್ಷಿಯ ಗೋಡೆ ದಪ್ಪ ಏಕೆ ಎಂಬ ಪ್ರಶ್ನೆಗೆ ಉತ್ತರ ಈ ದಾರಿಯಲ್ಲೇ ಇದೆ: ಅದು ರಕ್ತವನ್ನು ಇಡೀ ದೇಹಕ್ಕೆ ತಳ್ಳಬೇಕು.

ಅಪಧಮನಿಯಲ್ಲಿ ಯಾವಾಗಲೂ ಆಮ್ಲಜನಕಯುಕ್ತ ರಕ್ತ ಇರುತ್ತದೆ ಎಂದು ಕಲಿತಿದ್ದರೆ ತಿದ್ದಿಕೊಳ್ಳಿ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆಯಿರುವ ರಕ್ತವೇ ಇರುತ್ತದೆ.

ಮೂತ್ರಪಿಂಡದಲ್ಲಿ ಒಂದು ಲೆಕ್ಕ ನೆನಪಿಟ್ಟರೆ ಅದರೊಳಗಿನ ಸೋಸುವ ಘಟಕವಾದ ನೆಫ್ರಾನ್‌ನ ಕೆಲಸ ಅರ್ಥವಾಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಹೊರಬರುತ್ತದೆ, ಮೂತ್ರವಾಗಿ ಹೋಗುವುದು ಒಂದೆರಡು ಲೀಟರ್ ಮಾತ್ರ. ಉಳಿದದ್ದೆಲ್ಲ, ನಾವು ಹಿಂಬಾಲಿಸುತ್ತಿರುವ ಗ್ಲೂಕೋಸ್ ಕೂಡ, ನಾಳದಲ್ಲಿ ಮರುಹೀರಿಕೆಯಾಗಿ ರಕ್ತಕ್ಕೆ ಮರಳುತ್ತದೆ. ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಏಕೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಈ ಲೆಕ್ಕದ ಜೊತೆಗೆ ಯೋಚಿಸಿ: ರಕ್ತದಲ್ಲಿ ಸಕ್ಕರೆ ಮಿತಿ ಮೀರಿದಾಗ ಮರುಹೀರುವ ಸಾಮರ್ಥ್ಯ ಸಾಲದಾಗುತ್ತದೆ.

ಹಂತ 5: ನಿಯಂತ್ರಣ

ಇಲ್ಲಿ ಒಂದು ಸಂಜೆ ಸಾಕು. ನರಕೋಶದ ಚಿತ್ರ ಬರೆದು ಸಂದೇಶ ಸಾಗುವ ದಿಕ್ಕಿಗೆ ಬಾಣ ಹಾಕಿ: ಡೆಂಡ್ರೈಟ್, ಕೋಶಕಾಯ, ಆಕ್ಸಾನ್. ಬಿಸಿ ಕಾವಲಿಗೆ ತಾಗಿದ ಕೈ ತಟ್ಟನೆ ಹಿಂದೆ ಸರಿಯುವಾಗ ತೀರ್ಮಾನ ಆಗುವುದು ಮೆದುಳುಬಳ್ಳಿಯಲ್ಲಿ. ನೋವಿನ ಅರಿವು ಮೆದುಳಿಗೆ ತುಸು ತಡವಾಗಿ ತಲುಪುತ್ತದೆ. ಹಾರ್ಮೋನುಗಳಲ್ಲಿ ಇನ್ಸುಲಿನ್, ಥೈರಾಕ್ಸಿನ್, ಅಡ್ರಿನಲಿನ್ ಈ ಮೂರರ ಗ್ರಂಥಿ, ಕೆಲಸ, ಕೊರತೆ ಅಥವಾ ಹೆಚ್ಚಳದ ಪರಿಣಾಮ ಮೊದಲು ಕಲಿತು, ಉಳಿದವನ್ನು ಅವುಗಳ ಸುತ್ತ ಸೇರಿಸಿಕೊಳ್ಳಿ.

ಹಂತ 6: ಕೋಶ ವಿಭಜನೆ, ಸಂತಾನೋತ್ಪತ್ತಿ, ಅನುವಂಶೀಯತೆ — ಇದೇ ಕ್ರಮದಲ್ಲಿ

ನೇರವಾಗಿ ಮೆಂಡೆಲ್‌ನ ಬಟಾಣಿಗೆ ಹಾರುವವರು ಇಲ್ಲಿ ಬೀಳುತ್ತಾರೆ. ಮೊದಲು ವರ್ಣತಂತುಗಳನ್ನು ಎಣಿಸಲು ಕಲಿಯಬೇಕು. ಮನುಷ್ಯನ ಸಾಮಾನ್ಯ ಕೋಶದಲ್ಲಿ 46 ವರ್ಣತಂತುಗಳು. ಮೈಟಾಸಿಸ್ ಆದರೆ ಎರಡು ಕೋಶಗಳು, ತಲಾ 46. ಮಿಯಾಸಿಸ್ ಆದರೆ ನಾಲ್ಕು ಕೋಶಗಳು, ತಲಾ 23. ಅಂಡಾಣುವಿನ 23, ವೀರ್ಯಾಣುವಿನ 23 ಸೇರಿ ಯುಗ್ಮಜದಲ್ಲಿ ಮತ್ತೆ 46. ಈ ಎಣಿಕೆ ಖಚಿತವಾದರೆ ಅನುವಂಶೀಯತೆ ಅರ್ಧ ಮುಗಿದಂತೆ.

ಅಲೈಂಗಿಕ ಸಂತಾನೋತ್ಪತ್ತಿಗೆ ಮತ್ತೆ ಕಬ್ಬನ್ನೇ ನೋಡಿ. ರೈತರು ಕಬ್ಬಿನ ತುಂಡನ್ನು ನೆಡುತ್ತಾರೆ. ಗಿಣ್ಣಿನ ಕಣ್ಣಿನಿಂದ ಹೊಸ ಗಿಡ ಬರುತ್ತದೆ. ಕಟಾವಿನ ನಂತರ ಉಳಿದ ಬುಡದಿಂದ ಬರುವ ಕೂಳೆ ಬೆಳೆಯೂ ಹಾಗೆಯೇ. ಎರಡರಲ್ಲೂ ಮಿಯಾಸಿಸ್ ಇಲ್ಲ, ಲಿಂಗಾಣುಗಳ ಮಿಲನ ಇಲ್ಲ, ಆದ್ದರಿಂದ ಹೊಸ ಗಿಡ ತಾಯಿಗಿಡದ ನಕಲು. ಒಂದು ರೋಗ ಬಂದರೆ ಇಡೀ ಗದ್ದೆಗೆ ಏಕೆ ಅಪಾಯ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೂವಿನ ಭಾಗದಲ್ಲಿ ಪರಾಗಸ್ಪರ್ಶ ಮತ್ತು ನಿಷೇಚನವನ್ನು ಒಂದೇ ಮಾಡಬೇಡಿ: ಪರಾಗ ಶಲಾಕಾಗ್ರವನ್ನು ತಲುಪುವುದು ಮೊದಲನೆಯದು, ಗಂಡು ಲಿಂಗಾಣು ಅಂಡಾಣುವಿನೊಡನೆ ಸೇರುವುದು ಎರಡನೆಯದು.

ಈಗ ನಾಲ್ಕು ಮನೆಯ ಚೌಕ, ಎಂದರೆ ಎರಡು ಪೋಷಕರ ಲಿಂಗಾಣುಗಳು ಹೇಗೆಲ್ಲ ಜೊತೆಗೂಡಬಹುದು ಎಂದು ತೋರಿಸುವ ಕೋಷ್ಟಕ. ಶುದ್ಧ ಎತ್ತರದ ಬಟಾಣಿ ಮತ್ತು ಶುದ್ಧ ಕುಬ್ಜ ಬಟಾಣಿಯ ಮೊದಲ ಪೀಳಿಗೆಯಲ್ಲಿ ಎಲ್ಲವೂ ಎತ್ತರ; ಅವುಗಳ ಸ್ವಕೀಯ ಪರಾಗಸ್ಪರ್ಶದಿಂದ ಬಂದ ಎರಡನೆಯ ಪೀಳಿಗೆಯಲ್ಲಿ ಎತ್ತರ ಮತ್ತು ಕುಬ್ಜ 3:1. ಜೀನ್‌ಗಳ ಜೋಡಿಯನ್ನು ನೋಡಿದರೆ 1:2:1. ಚೌಕ ತುಂಬುವ ಮೊದಲು ಪ್ರತಿ ಪೋಷಕ ಸಸ್ಯದ ಲಿಂಗಾಣುಗಳನ್ನು ಬೇರೆಯಾಗಿ ಬರೆದು ಸುತ್ತು ಹಾಕಿ. ಈ ಒಂದು ಸಾಲನ್ನು ಬಿಟ್ಟುಹೋಗುವುದರಿಂದಲೇ ಹೆಚ್ಚಿನ ತಪ್ಪುಗಳು ಆಗುತ್ತವೆ.

3:1 ಎಂಬುದು ಸಾಧ್ಯತೆಯ ಲೆಕ್ಕ. ನಾಲ್ಕು ಗಿಡ ಬೆಳೆಸಿದರೆ ಮೂರು ಎತ್ತರ, ಒಂದು ಕುಬ್ಜ ಬಂದೇ ತೀರುತ್ತದೆ ಎಂದಲ್ಲ. ಗಿಡಗಳ ಸಂಖ್ಯೆ ಹೆಚ್ಚಿದಂತೆ ಅನುಪಾತ ಅದರ ಹತ್ತಿರ ಬರುತ್ತದೆ. ಪ್ರಬಲ ಗುಣವೆಂದರೆ (ಇಲ್ಲಿ ಮೊದಲ ಪೀಳಿಗೆಯಲ್ಲಿ ಕಂಡ ಎತ್ತರ) ಹೆಚ್ಚು ಜನರಲ್ಲಿ ಇರುವ ಗುಣ ಎಂದೂ ಅರ್ಥವಲ್ಲ.

ಲಿಂಗ ನಿರ್ಧಾರದ ಚೌಕವನ್ನು ಮನೆಯವರ ಎದುರಿಗೇ ಬರೆದು ತೋರಿಸಿ. ತಾಯಿಯ ಅಂಡಾಣು ಯಾವಾಗಲೂ ಎಕ್ಸ್ ಕೊಡುತ್ತದೆ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಹತ್ತನೇ ತರಗತಿಯ ಈ ಒಂದು ಚೌಕ ಅಂಥ ಮಾತಿಗೆ ಯಾವ ಆಧಾರವೂ ಇಲ್ಲ ಎಂದು ತೋರಿಸುತ್ತದೆ.

ಹಂತ 7: ಗದ್ದೆ, ಕೆರೆ, ಕೊಕ್ಕರೆ — ಪರಿಸರ ವ್ಯವಸ್ಥೆ

ಈ ಅಧ್ಯಾಯ ಸುಲಭ ಎಂದು ಕೊನೆಯ ರಾತ್ರಿಗೆ ಬಿಡುತ್ತಾರೆ, ತಪ್ಪುಗಳು ಇಲ್ಲೇ ಹೆಚ್ಚು. ಒಂದು ಬೆಳಿಗ್ಗೆ ಹೊರಗೆ ಹೋಗಿ. ಮಂಡ್ಯದ ಸುತ್ತಲಿನವರಿಗೆ ನಾಲೆಯ ಬದಿಯ ಭತ್ತದ ಗದ್ದೆ ಇದೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ ಇವೆ. ಕಾರಂಜಿ ಕೆರೆಯ ದಡದಲ್ಲಿ ನೈಸರ್ಗಿಕ ಇತಿಹಾಸದ ಪ್ರಾದೇಶಿಕ ಸಂಗ್ರಹಾಲಯವೂ ಇದೆ. ಕಂಡ ಜೀವಿಗಳನ್ನು ಪಟ್ಟಿ ಮಾಡಿ, ಯಾವುದು ಯಾವುದನ್ನು ತಿನ್ನುತ್ತದೆ ಎಂದು ಬಾಣ ಹಾಕಿ. ಬಾಣದ ತಲೆ ತಿನ್ನುವ ಜೀವಿಯ ಕಡೆಗಿರಬೇಕು, ಏಕೆಂದರೆ ಬಾಣ ತೋರಿಸುವುದು ಶಕ್ತಿ ಹೋಗುವ ದಿಕ್ಕನ್ನು. ನೀರಿಗೆ ಹತ್ತಿರ ಹೋಗುವಾಗ ಜೊತೆಗೆ ದೊಡ್ಡವರಿರಲಿ. ನಾಲೆಯ ಏರಿಯಿಂದ ಇಳಿಯಬೇಡಿ.

ಭತ್ತ, ಮಿಡತೆ, ಕಪ್ಪೆ, ಕೇರೆ ಹಾವು, ಹದ್ದು ಎಂಬ ಸರಪಳಿಯನ್ನು ತೆಗೆದುಕೊಳ್ಳಿ. ಭತ್ತದಲ್ಲಿ 10,000 ಜೂಲ್ ಶಕ್ತಿ ಇದ್ದರೆ ಮಿಡತೆಗೆ ಸುಮಾರು 1,000, ಕಪ್ಪೆಗೆ 100, ಹಾವಿಗೆ 10, ಹದ್ದಿಗೆ 1. ಉಳಿದದ್ದು ಎಲ್ಲಿಗೆ ಹೋಯಿತು ಎಂಬುದಕ್ಕೆ ಮೂರನೆಯ ಹಂತಕ್ಕೆ ಮರಳಿ: ಹೆಚ್ಚಿನದು ಆಯಾ ಜೀವಿಯ ಉಸಿರಾಟದಲ್ಲಿ ಬಳಕೆಯಾಗಿ ಶಾಖವಾಗಿ ಹೋಯಿತು, ಸ್ವಲ್ಪ ಜೀರ್ಣವಾಗದೆ ಹೊರಬಿತ್ತು. ಇಲ್ಲೊಂದು ಬಲೆಯಿದೆ. ಪ್ರತಿ ಸ್ತರಕ್ಕೆ ಹತ್ತರಲ್ಲೊಂದು ಪಾಲು ಶಕ್ತಿ ಮಾತ್ರ ದಾಟುವ ಈ ಶೇಕಡ ಹತ್ತರ ನಿಯಮವನ್ನು ಸೂರ್ಯನಿಂದ ಸಸ್ಯಕ್ಕೆ ಅನ್ವಯಿಸಬೇಡಿ. ಎಲೆಗೆ ಬಿದ್ದ ಬೆಳಕಿನಲ್ಲಿ ಆಹಾರವಾಗಿ ಬದಲಾಗುವುದು ಶೇಕಡ 1ರಷ್ಟು ಮಾತ್ರ.

ಶಕ್ತಿ ಒಂದೇ ದಿಕ್ಕಿನಲ್ಲಿ ಹರಿದು ಹೋಗುತ್ತದೆ, ವಸ್ತು ಮಾತ್ರ ಸುತ್ತಿ ಬರುತ್ತದೆ. ‘ಶಕ್ತಿಯ ಚಕ್ರ’ ಎಂದು ಬರೆಯುವ ಕೈಯನ್ನು ತಡೆಯಿರಿ. ವಸ್ತು ಸುತ್ತುವುದನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಕಣ್ಣಾರೆ ನೋಡಬಹುದು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಕೆರೆ, ಹೊಳೆಗಳ ಮೀನು ತಿಂದು ಊರೊಳಗಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ಬೀಳುವ ಹಿಕ್ಕೆಯನ್ನು ಊರವರು ಗೊಬ್ಬರವಾಗಿ ಬಳಸುತ್ತಾರೆ. ನೀರಿನಲ್ಲಿದ್ದ ಸಾರಜನಕ, ರಂಜಕ ಮೀನಿನ ಮೂಲಕ ಹಕ್ಕಿಗೆ, ಹಕ್ಕಿಯಿಂದ ಹೊಲಕ್ಕೆ ಬಂತು. ಹಿಕ್ಕೆ ನೇರವಾಗಿ ಬೆಳೆಗೆ ಆಹಾರವಾಗುವುದಿಲ್ಲ. ನಡುವೆ ವಿಘಟಕ ಜೀವಿಗಳು ಕೆಲಸ ಮಾಡಬೇಕು. ಆಹಾರ ಜಾಲದ ಚಿತ್ರದಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳೇ ಇಲ್ಲದಿದ್ದರೆ ಆ ಚಿತ್ರ ಅಪೂರ್ಣ ಎಂದು ತಿಳಿಯಿರಿ.

ಕಬ್ಬಿನ ತರಗಿನ ಮೇಲೆಯೂ ಒಂದು ಟಿಪ್ಪಣಿ ಬರೆಯಿರಿ. ಗದ್ದೆಯಲ್ಲೇ ಕೊಳೆಯಲು ಬಿಟ್ಟರೆ ಅದರ ಪೋಷಕಾಂಶಗಳು ಮಣ್ಣಿಗೆ ಸೇರುತ್ತವೆ. ಬೆಂಕಿ ಹಚ್ಚಿದರೆ ಇಂಗಾಲ ಒಮ್ಮೆಗೇ ಗಾಳಿಗೆ ಹೋಗುತ್ತದೆ, ಸಾರಜನಕದ ಬಹುಪಾಲೂ ಹೋಗುತ್ತದೆ. ಇದು ನಮ್ಮ ಗದ್ದೆಗಳ ನಿಜವಾದ ಪ್ರಶ್ನೆ. ಪರೀಕ್ಷೆಯಲ್ಲಿ ಬರದಿದ್ದರೂ ಮಕ್ಕಳು ಮನೆಯಲ್ಲಿ ಈ ಬಗ್ಗೆ ಮಾತನಾಡಬೇಕೆಂದು ಬಯಸುತ್ತೇನೆ.

ಕೀಟನಾಶಕಗಳ ಜೈವಿಕ ಸಂವರ್ಧನೆಯಲ್ಲಿ ಬಾಣ ಶಕ್ತಿಯ ಲೆಕ್ಕಕ್ಕೆ ವಿರುದ್ಧವಾಗಿ ನಡೆಯುತ್ತದೆ: ಮೇಲಿನ ಸ್ತರಕ್ಕೆ ಹೋದಂತೆ ಶಕ್ತಿ ಕಡಿಮೆಯಾಗುತ್ತದೆ, ಒಡೆಯದ ವಿಷದ ಸಾಂದ್ರತೆ ಹೆಚ್ಚುತ್ತದೆ. ಓಝೋನ್ ಪದರದ ಸವಕಳಿಯನ್ನು ಭೂಮಿ ಬಿಸಿಯಾಗುವುದರೊಂದಿಗೆ ಬೆರೆಸಬೇಡಿ. ಮೊದಲನೆಯದರ ಮುಖ್ಯ ಕಾರಣ ಕ್ಲೋರೋಫ್ಲೋರೋಕಾರ್ಬನ್‌ಗಳು, ಅಪಾಯ ನೇರಳಾತೀತ ಕಿರಣ; ಎರಡನೆಯದರ ಮುಖ್ಯ ಕಾರಣ ಇಂಗಾಲದ ಡೈಆಕ್ಸೈಡ್‌ನಂಥ ಅನಿಲಗಳು ಶಾಖವನ್ನು ಹಿಡಿದಿಡುವುದು.

ಹಂತ 8: ಎಳೆಯನ್ನು ಪೂರ್ತಿ ಎಳೆದು ನೋಡುವುದು

ಪುಸ್ತಕ ಮುಚ್ಚಿ ಒಂದು ಪುಟ ಬರೆಯಿರಿ: ಗಾಳಿಯ ಒಂದು ಇಂಗಾಲದ ಪರಮಾಣು ಕಬ್ಬಿನ ಎಲೆಗೆ ಹೊಕ್ಕು, ಬೆಲ್ಲವಾಗಿ, ನಿಮ್ಮ ಕಾಲಿನ ಸ್ನಾಯುವಿಗೆ ತಲುಪಿ, ಮತ್ತೆ ಗಾಳಿಗೆ ಮರಳುವ ದಾರಿ. ಪತ್ರರಂಧ್ರ, ಕ್ಲೋರೋಪ್ಲಾಸ್ಟ್, ಫ್ಲೋಯಂ, ಸಣ್ಣ ಕರುಳು, ರಕ್ತ, ಇನ್ಸುಲಿನ್, ಕೋಶಪೊರೆ, ಮೈಟೋಕಾಂಡ್ರಿಯಾ, ಹೃದಯದ ಬಲಭಾಗ, ಶ್ವಾಸಕೋಶ ಇಷ್ಟೂ ಸರಿಯಾದ ಕ್ರಮದಲ್ಲಿ ಬರಬೇಕು. ಎಲ್ಲಿ ಪೆನ್ನು ನಿಲ್ಲುತ್ತದೆಯೋ ಆ ಹಂತಕ್ಕೆ ಹಿಂದಿರುಗಿ, ಆ ಭಾಗವನ್ನಷ್ಟೇ ಓದಿ.

ಇದಾದ ಮೇಲೆ ಹಳೆಯ ಪ್ರಶ್ನೆಪತ್ರಿಕೆಗೆ ಕೈ ಹಾಕಿ. ಗಡಿಯಾರ ಎದುರಿಗಿರಲಿ. ‘ಏಕೆ’, ‘ವ್ಯತ್ಯಾಸ ತಿಳಿಸಿ’, ‘ಹೀಗಾದರೆ ಏನಾಗುತ್ತದೆ’ ಎಂಬ ಪ್ರಶ್ನೆಗಳನ್ನು ಮೊದಲು ಆರಿಸಿಕೊಳ್ಳಿ, ವ್ಯಾಖ್ಯೆಗಳನ್ನು ಆಮೇಲೆ. ಚಿತ್ರಗಳನ್ನು ಚೂಪಾದ ಪೆನ್ಸಿಲ್‌ನಲ್ಲಿ ಬರೆದು, ಭಾಗಸೂಚಿ ಗೆರೆಗಳು ಒಂದನ್ನೊಂದು ದಾಟದಂತೆ ಒಂದೇ ಬದಿಗೆ ಎಳೆಯಿರಿ. ಗೆರೆಯ ತುದಿ ಭಾಗವನ್ನು ಮುಟ್ಟಿರಬೇಕು. ಮೊದಲ ದಿನದ ಹಾಳೆಯ ನಾಲ್ಕು ಚಿತ್ರಗಳನ್ನು ಹೊಸ ಹಾಳೆಯಲ್ಲಿ ಮತ್ತೆ ಬರೆದು ಪಕ್ಕಕ್ಕಿಟ್ಟು ನೋಡಿ. ಕೆಂಪು ಇನ್ನೂ ಉಳಿದಿರುವ ಚಿತ್ರವನ್ನು ಪರೀಕ್ಷೆಯವರೆಗೆ ದಿನಕ್ಕೊಮ್ಮೆ ಬರೆಯಿರಿ, ಉಳಿದವನ್ನು ವಾರಕ್ಕೊಮ್ಮೆ.